ಕತೆಗೂ ಕತ್ತೆಗೂ ನಡುವೆ ಒಂದು ತಾಳ

ತಮಟೆ ಬಡಿದಾಗ ಮಗು ತಿರುಗಿ ನೋಡಿದರೆ ಕಿವಿ ಚೆನ್ನಾಗಿದೆ ಅಂತ ನಮ್ಮ ಕಡೆ ತೀರ್ಮಾನ ಮಾಡಿಬಿಡುತ್ತಾರೆ. ಅದನ್ನು ನಂಬಬೇಡಿ. ತಮಟೆ, ಪಟಾಕಿ, ಜಗಲಿ ಮೇಲಿಂದ ಉರುಳಿದ ಬಿಂದಿಗೆ, ಇವುಗಳ ಸದ್ದು ಕಿವಿಯೊಂದರಿಂದಲೇ ಒಳಗೆ ಬರುವುದಿಲ್ಲ. ನೆಲ ಅದುರುತ್ತದೆ, ಎದೆಗೂಡು ಅದುರುತ್ತದೆ. ಏನೂ ಕೇಳಿಸದ ಮಗುವೂ ಅದಕ್ಕೆ ತಿರುಗುತ್ತದೆ. ನಮ್ಮ ಅಕ್ಕನ ಮಗಳ ಎರಡು ವರ್ಷ ಹೋಗಿದ್ದು ಹೀಗೆ.

ನಮ್ಮದು ಚಾಮರಾಜನಗರ ಜಿಲ್ಲೆ. ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ ಊರಿಗೆ ಬಂದು ಸುದ್ದಿ ಬರೆಯುತ್ತಾ ಹತ್ತು ವರ್ಷವಾಯಿತು. ಕೆರೆ ಒತ್ತುವರಿ, ಆನೆ ದಾಳಿ, ಅರಿಶಿನದ ರೇಟು, ಇಷ್ಟೇ ನಮ್ಮ ಕಸುಬು. ಮನೆ ವಿಷಯ ಬರೆದವರಲ್ಲ. ಆದರೆ ಕಳೆದ ತಿಂಗಳು ಪಕ್ಕದ ಊರಿನ ಒಬ್ಬ ತಾಯಿ ಫೋನ್ ಮಾಡಿ, "ಅಣ್ಣ, ನನ್ ಕೂಸ್ಗ ಕಿವಿ ಮಿಸನ್ ಹಾಕವ್ರ. ಮನೇಲಿ ಹಾಡ್ ಹೇಳಿ ಅಂತರ. ಕೇಳ್ದಿರ ಕೂಸ್ಗ ಹಾಡ್ ಯಾಕಣ್ಣ?" ಅಂತ ಕೇಳಿದರು. ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಅವರಿಗೆ ಫೋನಿನಲ್ಲಿ ಅರ್ಧ ಹೇಳಿದೆವು. ಉಳಿದರ್ಧ ಇಲ್ಲಿದೆ.

ಅಕ್ಕನನ್ನು ಕೊಟ್ಟಿದ್ದು ನಮ್ಮ ಸೋದರಮಾವನಿಗೇ. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಮಕ್ಕಳಿಗೆ ಹುಟ್ಟು ಕಿವುಡು ಬರುವ ಸಾಧ್ಯತೆ ಜಾಸ್ತಿ ಅಂತ ವೈದ್ಯರು ಹೇಳುವುದು ಹೊಸದಲ್ಲ. ಕೇಳಿ ತಲೆಯಾಡಿಸಿ ಮುಂದಿನ ವರ್ಷ ಅಂಥದೇ ಇನ್ನೊಂದು ಮದುವೆಗೆ ಚಪ್ಪರ ಹಾಕುವುದೂ ಹೊಸದಲ್ಲ. ಮಗು ಹುಟ್ಟಿದಾಗ ಚೆನ್ನಾಗಿ ಅತ್ತಿತು, ಮೂರ್ನಾಲ್ಕು ತಿಂಗಳಿಗೆ ಊಂ ಊಂ ಅಂದಿತು. ಕೇಳಿಸದ ಮಕ್ಕಳೂ ಮೊದಮೊದಲು ಹೀಗೆ ಸದ್ದು ಮಾಡುತ್ತವೆ, ಆಮೇಲೆ ಅದು ಬೆಳೆಯುವುದಿಲ್ಲ. ಒಂದೂವರೆ ವರ್ಷಕ್ಕೆ ಒಂದು ಕಡೆ ತೋರಿಸಿದರೆ "ಕೆಲವು ಮಕ್ಕಳಿಗೆ ಮಾತು ತಡ, ಕಾಯಿರಿ" ಅಂದರು. ಕಾದರು. ಎರಡು ವರ್ಷ ನಾಲ್ಕು ತಿಂಗಳಾದಾಗ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದರು. 1965ರಿಂದ ಇರುವ ಸಂಸ್ಥೆ, ನಮ್ಮೂರಿನಿಂದ ಎರಡು ಬಸ್ಸು ಬದಲಾಯಿಸಿದರೆ ಸಿಗುತ್ತದೆ. ಮಗುವನ್ನು ಮಲಗಿಸಿ ತಲೆಗೆ ತಂತಿ ಅಂಟಿಸಿ, ಕಿವಿಗೆ ಬಿಟ್ಟ ಸದ್ದು ಮಿದುಳಿಗೆ ಮುಟ್ಟುತ್ತಿದೆಯೋ ಇಲ್ಲವೋ ನೋಡುವ ಬೇರಾ ಪರೀಕ್ಷೆ ಮಾಡಿದರು. ಎರಡೂ ಕಿವಿಯಲ್ಲಿ 90 ಡೆಸಿಬಲ್ ದಾಟಿದ ನಷ್ಟ. ಪಕ್ಕದಲ್ಲೇ ಮಿಕ್ಸಿ ಓಡಿದರೂ ಕೇಳಿಸದಷ್ಟು.

ಅವತ್ತಿನಿಂದ ನಮ್ಮ ಮನೆ ಸುಮ್ಮನಾಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಅವ್ವ ಸೋಬಾನೆ ಹಾಡುವವರು. ಸುತ್ತ ನಾಲ್ಕು ಊರಿನಲ್ಲಿ ಹಸೆಗೆ ಕೂರಿಸುವಾಗ ಅವರಿಗೆ ಕರೆ ಬರುತ್ತದೆ. ರೊಟ್ಟಿ ತಟ್ಟುವಾಗ, ರಾಗಿ ಕೇರುವಾಗ, ಹಸುವಿನ ಮೈ ತೊಳೆಯುವಾಗ ಏನಾದರೂ ಗುನುಗುತ್ತಲೇ ಇರುತ್ತಿದ್ದರು. ಮೈಸೂರಿನಿಂದ ಬಂದ ಮೇಲೆ ಅದು ನಿಂತಿತು. ಅಕ್ಕ ಮಗುವಿನ ಜತೆ ಮಾತಾಡುವುದನ್ನೂ ಬಿಟ್ಟಳು, ಕೈಸನ್ನೆಯಲ್ಲೇ ಬಾ, ಕೂತ್ಕೋ, ಉಣ್ಣು. ಒಂದು ದಿನ ಯಾಕವ್ವ ಹಾಡುತ್ತಿಲ್ಲ ಅಂದರೆ, "ಕೇಳ್ದಿರ ಕೂಸ್ನ ಮುಂದ ಯಾರ್ಗಂತ ಹಾಡ್ಲಿ ಮಗ?" ಅಂದರು. ಕಿವಿ ಇಲ್ಲ ಅಂತ ಗೊತ್ತಾದ ಎಷ್ಟೋ ಮನೆಗಳಲ್ಲಿ ನಡೆಯುವುದು ಇದೇ ಅಂತ ಮೈಸೂರಿನ ಕಾರಿಡಾರಿನಲ್ಲಿ ಕೂತಿದ್ದ ತಾಯಂದಿರನ್ನು ಮಾತಾಡಿಸಿದಾಗ ತಿಳಿಯಿತು. ಮಗುವಿಗೆ ಕಿವಿ ಇಲ್ಲದಿರುವುದು ಒಂದು ನಷ್ಟವಾದರೆ, ಮನೆಯವರ ಬಾಯಿ ಕಟ್ಟಿಹೋಗುವುದು ಇನ್ನೊಂದು.

ಮೊದಲು ಕಿವಿಗೆ ಹಾಕುವ ಶ್ರವಣ ಸಾಧನ ಕೊಟ್ಟು ನೋಡಿದರು, ಸಾಲಲಿಲ್ಲ. ಆಮೇಲೆ ಕಾಕ್ಲಿಯರ್ ಇಂಪ್ಲಾಂಟ್ ಅಂದರು. ದುಡ್ಡು ಲಕ್ಷಗಳಲ್ಲಿ. ಸರ್ಕಾರದ ಯೋಜನೆಯಲ್ಲಿ ಆಯಿತು, ಇಲ್ಲದಿದ್ದರೆ ನಮ್ಮ ಮಾವ ಇರುವ ಎರಡೆಕರೆ ಮಾರಬೇಕಿತ್ತು. ಬೇಗ ಮಾಡಿಸಿ ಅಂತ ಎಲ್ಲರೂ ಅವಸರ ಮಾಡಿದ್ದಕ್ಕೂ ಕಾರಣವಿದೆ. ಅಮೆರಿಕದಲ್ಲಿರುವ ಅನು ಶರ್ಮಾ ಎಂಬ ವಿಜ್ಞಾನಿ ಇಂಥ ಮಕ್ಕಳ ಮಿದುಳಿನ ಪ್ರತಿಕ್ರಿಯೆ ಅಳೆದು ತೋರಿಸಿದ್ದಾರೆ: ಮೂರೂವರೆ ವರ್ಷದೊಳಗೆ ಇಂಪ್ಲಾಂಟ್ ಹಾಕಿದರೆ ಮಿದುಳಿನ ಕೇಳುವ ಭಾಗ ಬಹುಪಾಲು ಮಕ್ಕಳಲ್ಲಿ ವಯಸ್ಸಿಗೆ ತಕ್ಕಂತೆ ಚಿಗುರುತ್ತದೆ, ಏಳು ದಾಟಿದ ಮೇಲೆ ಅದು ಬಹಳ ಕಷ್ಟ. ನಮ್ಮ ಹುಡುಗಿಗೆ ಆಗ ಮೂರು ವರ್ಷ ತುಂಬಿತ್ತು. ಗಡುವಿಗೆ ಆರೇ ತಿಂಗಳು.

ಆಪರೇಷನ್ ಆಗಿ ಗಾಯ ಮಾಗಿದ ಮೇಲೆ ಮಿಷನ್ ಚಾಲು ಮಾಡುತ್ತಾರೆ. ವಾಟ್ಸಾಪಿನಲ್ಲಿ ನೀವು ವಿಡಿಯೊ ನೋಡಿರಬಹುದು, ಮಗು ಅಮ್ಮನ ದನಿ ಕೇಳಿ ನಗುತ್ತದೆ, ಹಿಂದೆ ಪಿಟೀಲು. ನಮ್ಮ ಹುಡುಗಿ ಗಾಬರಿಯಾಗಿ ಅತ್ತಳು. ಆಮೇಲೆ ಒಂದು ವರ್ಷದವರೆಗೆ ಮಾತು ಅಂತ ಕರೆಯಬಹುದಾದದ್ದು ಬಹಳ ಕಡಿಮೆ ಬಂತು. ಕೊನೆಗೆ ಮಾತು ಬಂದಾಗ ನಾವೇ ಒಂದು ಸುದ್ದಿ ಬರೆದು ಕಳಿಸಿದೆವು, ತಾಯಂದಿರು ಮನೆಯಲ್ಲಿ ಏನೇನು ಮಾಡಬೇಕು ಅಂತೆಲ್ಲ ವಿವರವಾಗಿ. ಡೆಸ್ಕಿನಲ್ಲಿ ಅದನ್ನು ನಾಲ್ಕು ಸಾಲಿಗೆ ಕತ್ತರಿಸಿ 'ಮಾತನಾಡಿದ ಕಿವುಡು ಬಾಲೆ: ಪವಾಡ' ಅಂತ ತಲೆಬರಹ ಕೊಟ್ಟರು. ಪವಾಡವಂತೆ. ದಿನಕ್ಕೆ ಮೂರು ಹೊತ್ತು ಅಜ್ಜಿ ಗಂಟಲು ಹರಿದುಕೊಂಡಿದ್ದು ಯಾವ ಲೆಕ್ಕಕ್ಕೆ?

ಈಗ ಹಾಡಿನ ವಿಷಯಕ್ಕೆ ಬರೋಣ. ಈ ಮಿಷನ್ ಹಾಡಿಗೆ ಹೇಳಿ ಮಾಡಿಸಿದ್ದಲ್ಲ. ಮನುಷ್ಯನ ಒಳಕಿವಿಯಲ್ಲಿ ಸದ್ದನ್ನು ಮಿದುಳಿಗೆ ಮುಟ್ಟಿಸುವ ಒಳಸಾಲಿನ ರೋಮಕೋಶಗಳೇ ಸುಮಾರು 3,500. ಇಂಪ್ಲಾಂಟಿನಲ್ಲಿ ಅವುಗಳ ಕೆಲಸ ಮಾಡುವ ಎಲೆಕ್ಟ್ರೋಡುಗಳು ಕಂಪನಿಗೆ ತಕ್ಕಂತೆ 12ರಿಂದ 22. ಅದರಲ್ಲೂ ಒಂದರ ಕರೆಂಟು ಪಕ್ಕದ್ದಕ್ಕೆ ಹರಿಯುತ್ತದೆ. ಹಾರ್ಮೋನಿಯಂನಲ್ಲಿ ಒಂದು ಮನೆ ಒತ್ತಿದರೆ ಅಕ್ಕಪಕ್ಕದ ನಾಲ್ಕು ಮನೆಯೂ ಜತೆಗೆ ಕೂಗಿದ ಹಾಗೆ. ರಾಗದ ಏರಿಳಿತ ಅಲ್ಲಿ ಕಲಸಿಹೋಗುತ್ತದೆ. ಆದರೆ ತಾಳ ಕಲಸಿಹೋಗುವುದಿಲ್ಲ. ಸದ್ದು ಯಾವಾಗ ಶುರುವಾಯಿತು, ಎಷ್ಟು ಹೊತ್ತು ಇತ್ತು, ಎಲ್ಲಿ ನಿಂತಿತು, ಇದನ್ನು ಮಿಷನ್ ಚೆನ್ನಾಗಿಯೇ ದಾಟಿಸುತ್ತದೆ.

ತಾಳ ಸಿಕ್ಕಿದರೆ ಕನ್ನಡದ ಮಗುವಿಗೆ ಏನು ಸಿಕ್ಕಿತು ಅಂತ ನಾವು ಬಹಳ ದಿನ ಯೋಚಿಸಿದ್ದೇವೆ. ಹೈಸ್ಕೂಲಿನಲ್ಲಿ ಲಘು ಗುರು ಹಾಕಿದ್ದು ನೆನಪಿದೆಯಾ? ಆಗ ಅದು ಮಾರ್ಕ್ಸಿನ ಕೆಲಸ ಅಂದುಕೊಂಡಿದ್ದೆವು. ಈಗ ನೋಡಿ. ಕತೆ, ಕತ್ತೆ. ಬಳೆ, ಬಾಳೆ. ಬಳಿ, ಬಳ್ಳಿ. ಕರು, ಕಾರು. ಈ ಜೋಡಿಗಳ ನಡುವೆ ಇರುವ ವ್ಯತ್ಯಾಸವೆಲ್ಲ ಹೊತ್ತಿನದು: ಒಂದು ಕಡೆ ಸ್ವರ ಎಳೆಯುತ್ತೇವೆ, ಇನ್ನೊಂದು ಕಡೆ ಒತ್ತಕ್ಷರದ ಮೇಲೆ ಒಂದು ಚೂರು ತಡೆದು ನಿಲ್ಲುತ್ತೇವೆ. ಅಷ್ಟರಲ್ಲಿ ಕತೆ ಹೋಗಿ ಕತ್ತೆ ಆಗುತ್ತದೆ. ನಮ್ಮ ಕಡೆ 'ಕತ', 'ಕತ್ತ' ಅಂತೀವಿ, ಆದರೂ ಲೆಕ್ಕ ಅದೇ. ಅಂದರೆ ಕನ್ನಡದಲ್ಲಿ ಅರ್ಥವನ್ನು ಹೊರುವ ಕೆಲಸದಲ್ಲಿ ದೊಡ್ಡ ಪಾಲು ಮಾತ್ರೆಯದು. ಮಿಷನ್ ಚೆನ್ನಾಗಿ ಕೊಡುವುದೂ ಅದನ್ನೇ. ಇವೆರಡನ್ನೂ ಕೂಡಿಸಿ ಮಗುವಿನ ಕೈಗೆ ಕೊಡುವುದಕ್ಕೆ ಚಪ್ಪಾಳೆ ಹಾಡಿಗಿಂತ ಸುಲಭದ ದಾರಿ ನಮಗೆ ಕಂಡಿಲ್ಲ. ಕ-ತೆ, ಎರಡು ಚಪ್ಪಾಳೆ, ಬೆನ್ನುಬೆನ್ನಿಗೆ. ಕತ್-ತೆ, ನಡುವೆ ಒಂದು ತಡೆ. ಬಾ-ಳೆ, ಮೊದಲನೆಯದಕ್ಕೆ ಕೈ ಎಳೆದು ಹೊಡೆಯಬೇಕು. ನಮ್ಮ ಹುಡುಗಿ ಬಾಯಲ್ಲಿ ಬೇರೆ ಮಾಡುವ ಮೊದಲು ಕೈಯಲ್ಲಿ ಬೇರೆ ಮಾಡಿದಳು.

ಇದನ್ನು ನಮಗೆ ಹೇಳಿಕೊಟ್ಟಿದ್ದು ಮೈಸೂರಿನಲ್ಲಿ ತರಬೇತಿ ಕೊಡುತ್ತಿದ್ದ ಮೇಡಂ. ದಿನಾ ಬೆಳಿಗ್ಗೆ ಮಿಷನ್ ಹಾಕಿದ ಕೂಡಲೇ ಮಗುವಿನ ಹಿಂದೆ ನಿಂತು ಆರು ಸದ್ದು ಮಾಡಬೇಕು: ಆ, ಈ, ಊ, ಮ್, ಶ್, ಸ್. ಕೇಳಿಸಿದರೆ ಮಗು ಒಂದು ಕಡಲೆಕಾಳು ಬಟ್ಟಲಿಗೆ ಹಾಕಬೇಕು. ದಪ್ಪ ದನಿಯಿಂದ ಹಿಡಿದು ಸಣ್ಣ ಸೀಟಿಯಂಥ ದನಿವರೆಗೆ ಮಾತಿನ ಎಲ್ಲ ಸದ್ದೂ ಈ ಆರರ ನಡುವೆ ಬರುತ್ತವೆ. 'ಸ್' ಗೆ ಕಾಳು ಬೀಳದಿದ್ದರೆ ಬ್ಯಾಟರಿಯೋ ತಂತಿಯೋ ಕೈ ಕೊಟ್ಟಿದೆ ಅಂತ ಅನುಮಾನ ಪಡಬೇಕು. ಇದು ಹಾಡಲ್ಲ, ಆದರೆ ಹಾಡಿನ ಮುಂಚಿನ ಶ್ರುತಿ ಹಿಡಿಯುವುದು ಅನ್ನಬಹುದು.

ಯಾವ ಕನ್ನಡ ಕಲಿಸಬೇಕು ಮೇಡಂ, ಪುಸ್ತಕದ್ದಾ ಅಂತ ಅಕ್ಕ ಕೇಳಿದಳು. ಮನೆಯಲ್ಲಿ ನೀವು ಆಡುವುದೇ ಕಲಿಸಿ ಅಂದರು. ಆ ಮಾತಿಗೆ ಅವ್ವನ ಮುಖ ಅರಳಿತು. ಓದು ಬರಹ ಬಾರದ ತನಗೆ ಇಲ್ಲಿ ಕೆಲಸವಿಲ್ಲ ಅಂದುಕೊಂಡಿದ್ದವರು ಅವರು.

ಆದರೆ ಅವರ ಹಳೆಯ ಹಾಡುಗಳು ಸುಮ್ಮನೆ ಕೆಲಸಕ್ಕೆ ಬರಲಿಲ್ಲ. ಜೋಗುಳವನ್ನೇ ತೆಗೆದುಕೊಳ್ಳಿ. ಮಲಗುವಾಗ ಮಿಷನ್ ತೆಗೆದಿಡಬೇಕು, ಆಮೇಲೆ ಯಾರಿಗೆ ಜೋಗುಳ? ಹಾಗಾಗಿ ಮಿಷನ್ ತೆಗೆಯುವ ಮೊದಲೇ ತೊಡೆ ಮೇಲೆ ಹಾಕಿಕೊಂಡು ಹಾಡಿ ಮುಗಿಸುತ್ತಿದ್ದರು. ಸ್ನಾನದ ಹಾಡೂ ಹಾಗೇ ಹೋಯಿತು, ನೀರು ಬಿದ್ದರೆ ಮಿಷನ್ ಕೆಡುತ್ತದೆ. ಸೋಬಾನೆ ಪದಗಳು ಉದ್ದ, ಎಳೆತ ಜಾಸ್ತಿ, ಪದಗಳು ಮಗುವಿಗೆ ದೂರ. ಕೊನೆಗೆ ಅವ್ವ ತಾವೇ ಕಟ್ಟಿದರು. ಊಟದ ಹೊತ್ತಿಗೆ ಒಂದು: ಅಜ್ಜಿಗೊಂದು ತುತ್ತು, ಬೆಕ್ಕಿಗೊಂದು ತುತ್ತು, ಅಪ್ಪನಿಗೊಂದು ತುತ್ತು, ಕೂಸಿಗೊಂದು... ಅಂತ ನಿಲ್ಲಿಸುವುದು. ನಿಲ್ಲಿಸಿ, ತುತ್ತು ಕೈಯಲ್ಲಿ ಹಿಡಿದು, ಹುಬ್ಬು ಏರಿಸಿ ಮಗುವಿನ ಮುಖ ನೋಡುವುದು.

ಈ ನಿಲ್ಲಿಸುವುದೇ ಕಷ್ಟ. ನಾವು ದೊಡ್ಡವರಿಗೆ ಕಾಯಲು ಬರುವುದಿಲ್ಲ, ಎರಡು ಕ್ಷಣಕ್ಕೆ ನಾವೇ ಉತ್ತರ ಹೇಳಿ ಬಾಯಿಗಿಟ್ಟುಬಿಡುತ್ತೇವೆ. ಅವ್ವ ಕಾಯುತ್ತಿದ್ದರು. ಸುಮಾರು ಮೂರು ತಿಂಗಳು ಮಗು ಬರೀ ಬಾಯಿ ತೆರೆಯಿತು. ಒಂದು ಮಧ್ಯಾಹ್ನ "ತುತು" ಅಂದಿತು. ನಾವು ಆಗ ಹೊಸ್ತಿಲಲ್ಲಿ ಕೂತು ಫೋನಿನಲ್ಲಿ ಸುದ್ದಿ ಟೈಪ್ ಮಾಡುತ್ತಿದ್ದೆವು. ಅಕ್ಕ ಒಲೆ ಮುಂದಿನಿಂದ ಎದ್ದು ಬಂದಳು. ಅವ್ವ ಮಾತ್ರ ಏನೂ ಆಗದವರಂತೆ ತುತ್ತು ಬಾಯಿಗಿಟ್ಟು, "ಅಜ್ಜಿಗೊಂದ್..." ಅಂತ ಮತ್ತೆ ಶುರುಮಾಡಿದರು. 'ತುತು' ಹೋಗಿ 'ತುತ್ತು' ಆಗಲು ಇನ್ನೂ ಐದು ತಿಂಗಳು ಹಿಡಿಯಿತು. ಆ ಒತ್ತಕ್ಷರಕ್ಕೆ ಅವ್ವ ತಟ್ಟೆಯ ಅಂಚಿಗೆ ಬೆರಳಿನಿಂದ ತಟ್ಟುತ್ತಿದ್ದರು.

ಹಾಡಿನಿಂದ ಇನ್ನೊಂದು ಲಾಭ ನಾವು ನಿರೀಕ್ಷಿಸದೇ ಸಿಕ್ಕಿದ್ದು. ನಮ್ಮ ಭಾಷೆಯಲ್ಲಿ ಮುಖ್ಯವಾದದ್ದೆಲ್ಲ ಪದದ ಬಾಲದಲ್ಲಿರುತ್ತದೆ. ಮನಗ, ಮನೇಲಿ, ಮನಿಂದ. ಮಾತಾಡುವಾಗ ಈ ಬಾಲವನ್ನು ನಾವು ನುಂಗಿಬಿಡುತ್ತೇವೆ. ಕೇಳುವುದು ಕಷ್ಟವಿರುವ ಮಗುವಿಗೆ 'ಮನೆ' ಸಿಗುತ್ತದೆ, 'ಗ'ವೋ 'ಲಿ'ಯೋ ಸಿಗುವುದಿಲ್ಲ. ಅದಕ್ಕೇ ಈ ಮಕ್ಕಳು ತುಂಬ ದಿನ 'ಅಮ್ಮ ಮನೆ', 'ಅಪ್ಪ ಹೊಲ' ಅಂತ ತುಂಡು ತುಂಡಾಗಿ ಮಾತಾಡುತ್ತವೆ. ಹಾಡಿನಲ್ಲಿ ಬಾಲ ನುಂಗಲಾಗುವುದಿಲ್ಲ, ತಾಳಕ್ಕೆ ಅದು ಬೇಕೇ ಬೇಕು. ಅಜ್ಜಿಗೊಂದು, ಬೆಕ್ಕಿಗೊಂದು, ಅಪ್ಪನಿಗೊಂದು. ದಿನಕ್ಕೆ ನೂರು ಸಲ 'ಗ' ಕಿವಿಗೆ ಬಿತ್ತು. ನಾಲ್ಕೂವರೆ ವರ್ಷಕ್ಕೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು "ಮನಗ" ಅಂದಳು. ಮನೆಗೆ ಹೋಗೋಣ ಅಂತ ಅರ್ಥ. ಅಕ್ಕ ಫೋನಿನಲ್ಲಿ ಇದನ್ನು ಹೇಳುವಾಗ ಅಳುತ್ತಿದ್ದಳು, ನಾವು ಆಗ ತಾಲ್ಲೂಕು ಪಂಚಾಯಿತಿ ಸಭೆಯಲ್ಲಿದ್ದೆವು.

ಎಲ್ಲ ವಾದ್ಯವೂ ಹಿಡಿಸಲಿಲ್ಲ ಅನ್ನುವುದನ್ನೂ ಹೇಳಬೇಕು. ನಮ್ಮ ಕಡೆ ಮಾದಪ್ಪನ ಗುಡ್ಡರ ಕಂಸಾಳೆ ಗೊತ್ತಲ್ಲ. ಪಕ್ಕದ ಮನೆ ದೊಡ್ಡಪ್ಪ ಪ್ರೀತಿಯಿಂದ ಮಗುವಿನ ಹತ್ತಿರ ಕೂತು ಒಂದು ಸಲ ಬಡಿದರು. ಹುಡುಗಿ ತಲೆಯ ಮೇಲಿನ ಕಾಯಿಲ್ ಕಿತ್ತು ಎಸೆದು ಮಂಚದ ಕೆಳಗೆ ಸೇರಿಕೊಂಡಳು. ಕಂಚಿನ ಆ ಚೂಪು ಸದ್ದು ಮಿಷನ್ನಿನಲ್ಲಿ ಹೇಗೆ ಕೇಳಿಸಿತೋ. ಎರಡು ದಿನ ಮಿಷನ್ ಹಾಕಿಸಿಕೊಳ್ಳಲಿಲ್ಲ. ಕೋಲಾಟದ ಕೋಲು ಮಾತ್ರ ಬಹಳ ಇಷ್ಟವಾಯಿತು, ಮರದ ಸದ್ದು ಚಿಕ್ಕದು, ಕೈಗೂ ತಾಕುತ್ತದೆ. ಅಂಗನವಾಡಿ ಮೇಡಂ ಒಂದು ಆಟ ಮಾಡಿದರು: ಕೋಲು ಬಡಿಯುವವರೆಗೆ ಮಕ್ಕಳು ಸುತ್ತಬೇಕು, ನಿಂತರೆ ಕೂರಬೇಕು. ಬಡಿಯುವ ಕೆಲಸ ನಮ್ಮ ಹುಡುಗಿಗೆ ಕೊಟ್ಟರು. ಇಪ್ಪತ್ತು ಮಕ್ಕಳು ತನ್ನ ಕೋಲಿನ ಮಾತು ಕೇಳುವುದನ್ನು ನೋಡಿ ಅವಳಿಗೆ ಬಂದ ಜಂಬ ಇನ್ನೂ ಇಳಿದಿಲ್ಲ.

ಫೋನಿನಲ್ಲಿ ಹಾಡು ಹಾಕಿಕೊಟ್ಟರೆ ಸಾಲದೇ ಅಂತ ಫೋನ್ ಮಾಡಿದ ತಾಯಿ ಕೇಳಿದರು. ನೀವೂ ಇದನ್ನು ಫೋನಿನಲ್ಲೇ ಓದುತ್ತಿದ್ದೀರಿ, ಬೇಜಾರು ಮಾಡಿಕೊಳ್ಳಬೇಡಿ, ಸಾಲದು. ಅಮೆರಿಕದ ಪೆಟ್ರೀಷಿಯಾ ಕುಲ್ ಎಂಬ ವಿಜ್ಞಾನಿ 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಚೆನ್ನಾಗಿ ಕಿವಿ ಕೇಳಿಸುವ ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿದರು. ಎದುರಿಗೆ ಕೂತು ಆಡಿಸುತ್ತಾ ಮಾತಾಡಿದವರಿಂದ ಕೂಸುಗಳು ಆ ಭಾಷೆಯ ಸದ್ದುಗಳನ್ನು ಕಲಿತವು. ಅದನ್ನೇ ವಿಡಿಯೊದಲ್ಲಿ ತೋರಿಸಿದರೆ ಕಲಿಯಲಿಲ್ಲ. ಕಿವಿ ಸರಿಯಿರುವ ಕೂಸಿಗೇ ಹೀಗಾದರೆ ಇವಕ್ಕೆ ಹೇಗೆ? ಫೋನಿನ ಹಾಡಿನಲ್ಲಿ ಹತ್ತು ವಾದ್ಯ ಒಟ್ಟಿಗೆ ಬಾರಿಸುತ್ತಿರುತ್ತಾರೆ, ಪದ ಅದರಡಿ ಹೂತುಹೋಗಿರುತ್ತದೆ. ಫೋನು ಹುಬ್ಬು ಏರಿಸಿ ಕಾಯುವುದೂ ಇಲ್ಲ. ಹಾಡುವಾಗ ಟಿವಿ ಆರಿಸಿ, ಮಿಷನ್ ಇರುವ ಕಡೆ ಒಂದು ಮೊಳ ದೂರದಲ್ಲಿ ಕೂತು, ಸಾಮಾನ್ಯ ದನಿಯಲ್ಲಿ ಹಾಡಿ. ಕಿರುಚಬೇಡಿ. ನಿಮ್ಮ ದನಿ ಚೆನ್ನಾಗಿಲ್ಲ ಅನ್ನುವ ನಾಚಿಕೆ ಬೇಡ, ರಾಗ ಮಗುವಿಗೆ ಹೇಗೂ ಅರ್ಧಂಬರ್ಧ ಕೇಳಿಸುವುದು.

ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ರಿತ್ವಾ ತೊರ್ಪಾ, ಮಿನ್ನಾ ಹುಓಟಿಲೈನೆನ್ ಎಂಬ ಸಂಶೋಧಕಿಯರು ಇಂಪ್ಲಾಂಟ್ ಹಾಕಿದ ಮಕ್ಕಳನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ್ದಾರೆ. ಹಾಡುವ ಅಭ್ಯಾಸವಿರುವ ಮಕ್ಕಳು, ಹಾಡುವ ತಂದೆತಾಯಿ ಇರುವ ಮಕ್ಕಳು, ಗದ್ದಲದ ನಡುವೆ ಮಾತು ಹಿಡಿಯುವುದರಲ್ಲಿ ಮುಂದಿರುವುದು ಅವರಿಗೆ ಕಂಡಿತು. ಸಂತೆ, ಬಸ್ಸು, ಶಾಲೆ, ಪಂಪ್‌ಸೆಟ್ಟು, ನಮ್ಮ ಬದುಕೆಲ್ಲ ಗದ್ದಲವೇ ಆದ್ದರಿಂದ ಇದು ಸಣ್ಣ ವಿಷಯವಲ್ಲ. ಆದರೆ ಒಂದು ಮಾತು: ನೋಡಿದ ಮಕ್ಕಳ ಸಂಖ್ಯೆ ಚಿಕ್ಕದು. ಹಾಡಿದ್ದರಿಂದ ಕಿವಿ ಚುರುಕಾಯಿತೋ, ಕಿವಿ ಚುರುಕಿದ್ದ ಮಕ್ಕಳೇ ಹಾಡಿಗೆ ಒಲಿದವೋ ಅಂತ ಪೂರ್ತಿ ಬೇರ್ಪಡಿಸಿ ಹೇಳುವುದು ಸುಲಭವಲ್ಲ. ಹಾಡಿದರೆ ಸಾಕು, ಮಿಷನ್ ಬೇಡ, ತರಬೇತಿ ಬೇಡ ಅಂತ ಯಾರಾದರೂ ಹೇಳಿದರೆ ಅವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ನಾಟಿ ಎಣ್ಣೆ ಮಾರುವವರನ್ನಂತೂ ಹೊಸ್ತಿಲು ದಾಟಿಸಬೇಡಿ.

ಮಾತು ಬರಲೇಬೇಕು, ಬರದಿದ್ದರೆ ಬದುಕಿಲ್ಲ ಅನ್ನುವುದೂ ನಮಗೆ ಒಪ್ಪಿಗೆಯಿಲ್ಲ. ನಮ್ಮೂರಲ್ಲೇ ಇಪ್ಪತ್ತೈದರ ಒಬ್ಬ ಹುಡುಗನಿದ್ದಾನೆ, ಅವನ ಕಾಲಕ್ಕೆ ಇದ್ಯಾವುದೂ ಸಿಗಲಿಲ್ಲ. ಸಂಜ್ಞಾ ಭಾಷೆಯಲ್ಲಿ ಅವನು ಹೇಳುವ ಊರಿನ ಚಾಡಿ ನಮ್ಮ ಸುದ್ದಿಗಿಂತ ರುಚಿ. ಹಬ್ಬದಲ್ಲಿ ತಮಟೆಗೆ ಅವನು ಕುಣಿದಷ್ಟು ತಾಳಬದ್ಧವಾಗಿ ಕುಣಿಯುವವರು ಕಡಿಮೆ. ಸ್ಕಾಟ್ಲೆಂಡಿನ ಎವಲಿನ್ ಗ್ಲೆನಿ ಹನ್ನೆರಡನೇ ವಯಸ್ಸಿಗೆ ಬಹುಪಾಲು ಕಿವಿ ಕಳೆದುಕೊಂಡು, ಬರಿಗಾಲಲ್ಲಿ ನಿಂತು ಮೈಯಲ್ಲೇ ಸದ್ದು ಹಿಡಿದು, ತಾಳವಾದ್ಯದಲ್ಲಿ ಜಗತ್ತಿಗೇ ಹೆಸರಾದವರು. ಹಾಡಿಗೂ ಕಿವುಡಿಗೂ ಸಂಬಂಧವಿಲ್ಲ ಅನ್ನುವವರು ಇವರಿಬ್ಬರನ್ನು ನೋಡಬೇಕು.

ನಮ್ಮ ಹುಡುಗಿಗೆ ಈಗ ಆರು. ಸರ್ಕಾರಿ ಶಾಲೆ ಒಂದನೇ ತರಗತಿ. 'ಸ'ಗೂ 'ಶ'ಗೂ ವ್ಯತ್ಯಾಸ ಇನ್ನೂ ಬಂದಿಲ್ಲ, ನಮ್ಮೂರಲ್ಲಿ ಯಾರಿಗೆ ಬಂದಿದೆ ಅಂತ ಮೇಷ್ಟ್ರೇ ನಗುತ್ತಾರೆ. ಎಲ್ಲರೂ ಒಟ್ಟಿಗೆ ಹಾಡುವಾಗ ಪದ ತಪ್ಪಿಸಿಕೊಂಡು ಬರೀ ತಾಳ ಹಾಕುತ್ತಾಳೆ. ಹೊಸ ಪದ ಬಂದರೆ ಇವತ್ತಿಗೂ ಮೊದಲು ತಟ್ಟಿ ನೋಡುತ್ತಾಳೆ. ಮಿಷನ್ನಿನ ವಾರಂಟಿ ಮುಗಿಯುತ್ತಾ ಬಂತು. ಕಾಯಿಲಿನ ತಂತಿ ಒಂದು ಹೋದರೆ ಸಾವಿರಾರು ರೂಪಾಯಿ, ಹೊರಗಿನ ಮಿಷನ್ನೇ ಹೋದರೆ ಲಕ್ಷಗಳು. ಆಪರೇಷನ್ನಿಗೆ ಯೋಜನೆ ಇದೆ, ಆಮೇಲಿನ ಹತ್ತಾರು ವರ್ಷದ ತಂತಿ ಬ್ಯಾಟರಿಗೆ ದಾರಿ ಯಾವುದು ಅಂತ ಮಾವ ಇನ್ನೂ ಕಚೇರಿ ಸುತ್ತುತ್ತಿದ್ದಾರೆ. ಅದರ ಬಗ್ಗೆ ಬೇರೆಯದೇ ಬರೆಯಬೇಕು.

ನಿಮ್ಮ ಮನೆಯಲ್ಲಿ ಹೊಸ ಕೂಸಿದ್ದರೆ ಇಷ್ಟು ಮಾಡಿ. ಹೆರಿಗೆಯಾದ ಆಸ್ಪತ್ರೆಯಲ್ಲೇ ಕಿವಿ ಪರೀಕ್ಷೆ ಇದೆಯಾ ಅಂತ ಕೇಳಿ, ಕಿವಿಗೆ ಚಿಕ್ಕ ಬಿರಡೆ ಇಟ್ಟು ನೋಡುವ ಪರೀಕ್ಷೆಗೆ ಕೆಲವೇ ನಿಮಿಷ ಸಾಕು, ನೋವಿಲ್ಲ. ಆರು ತಿಂಗಳಾದರೂ ಹಿಂದಿನಿಂದ ಮೆಲ್ಲಗೆ ಕರೆದರೆ ತಿರುಗದಿದ್ದರೆ, ವರ್ಷವಾದರೂ ಮ, ಬ, ಪ ಅಂತ ಬಡಬಡಿಸದಿದ್ದರೆ ಕಾಯಬೇಡಿ. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಿ, ಅವರು ಜಿಲ್ಲಾಸ್ಪತ್ರೆಗೆ ಕಳಿಸುತ್ತಾರೆ. ಇಂಪ್ಲಾಂಟ್ ಬೇಕಾದರೆ ಕೇಂದ್ರದ ಅಡಿಪ್ ಯೋಜನೆ, ರಾಜ್ಯದ ಶ್ರವಣ ಸಂಜೀವಿನಿ ಎರಡನ್ನೂ ವಿಚಾರಿಸಿ. ತಾಯಿ ಕಾರ್ಡು, ಆಧಾರ್, ರೇಷನ್ ಕಾರ್ಡು ಜತೆಗಿರಲಿ. ತರಬೇತಿಗೆ ಹೋಗುವಾಗ ಮನೆಯಲ್ಲಿ ಹೆಚ್ಚು ಹೊತ್ತು ಮಗುವಿನ ಜತೆ ಇರುವವರು ಯಾರೋ ಅವರನ್ನೂ ಕರೆದುಕೊಂಡು ಹೋಗಿ, ಅಜ್ಜಿಯಾದರೆ ಅಜ್ಜಿಯನ್ನೇ. ನಮ್ಮ ಅವ್ವನನ್ನು ಎರಡನೇ ವಾರವೇ ಕರೆದೊಯ್ದಿದ್ದರು. ಬಸ್ಸಿನಲ್ಲಿ ವಾಂತಿಯಾಗುತ್ತದೆ ಅಂತ ನಿಂಬೆಹಣ್ಣು ಹಿಡಿದುಕೊಂಡು ಹೊರಟವರು, ವಾಪಸ್ ಬರುವಷ್ಟರಲ್ಲಿ ಪಕ್ಕದ ಸೀಟಿನವಳಿಗೆ ಆರು ಸದ್ದು ಹೇಳಿಕೊಡುತ್ತಿದ್ದರಂತೆ.